ಇ-ಮೇಲ್ ಸಹಿ: ಖಾಯಂ ಭಾಗ ಬೇರೆ, ಹಬ್ಬದ ಸಾಲು ಬೇರೆ

ಪ್ರಶ್ನೆ: ಮಂಗಳೂರಿನ ಬಂದರು ಪ್ರದೇಶದಲ್ಲಿರುವ, ಗೇರುಬೀಜ ರಫ್ತು ಮಾಡುವ ಪ್ರೈವೇಟ್ ಲಿಮಿಟೆಡ್ ಕಂಪೆನಿಯೊಂದರಲ್ಲಿ ನಾನು ಕಚೇರಿ ವ್ಯವಸ್ಥಾಪಕಿ. ಉಡುಪಿಯಲ್ಲಿಯೂ ನಮ್ಮದೊಂದು ಸಣ್ಣ ಕಚೇರಿ ಇದೆ. ಎರಡೂ ಕಡೆ ಸೇರಿ ಹನ್ನೊಂದು ಮಂದಿ ಗಿರಾಕಿಗಳಿಗೆ ಮೇಲ್ ಕಳುಹಿಸುತ್ತೇವೆ. ಕೆಲವರದು ಜಿಮೇಲ್, ಕೆಲವರದು ಔಟ್‌ಲುಕ್. ಒಬ್ಬೊಬ್ಬರ ಇ-ಮೇಲ್ ಸಹಿ ಒಂದೊಂದು ರೀತಿ. ಕಳೆದ ದೀಪಾವಳಿಗೆ ಹಾಕಿದ ಹಣತೆಯ ಚಿತ್ರ ಫೆಬ್ರವರಿಯಲ್ಲಿಯೂ ಒಬ್ಬರ ಮೇಲ್‌ಗಳಲ್ಲಿ ಹೋಗುತ್ತಿತ್ತು. ಈ ವರ್ಷ ದೀಪಾವಳಿ, ಕ್ರಿಸ್ಮಸ್, ಈದ್, ಬಿಸು (ನಮ್ಮ ಕರಾವಳಿಯ ಹೊಸ ವರ್ಷ) ಎಲ್ಲದಕ್ಕೂ ಶುಭಾಶಯವಿರುವ ಸಹಿ ಬೇಕು, ಹೆಸರು ಕನ್ನಡದಲ್ಲಿಯೂ ಇರಬೇಕು ಎಂದು ನಮ್ಮ ಧಣಿಗಳು ಹೇಳಿದ್ದಾರೆ. ಗಿರಾಕಿಗಳು ಹೆಚ್ಚಾಗಿ ಕೊಲ್ಲಿ ರಾಷ್ಟ್ರಗಳವರು ಮತ್ತು ಯುರೋಪಿನವರು. ಸಹಿಯನ್ನು ಹೇಗೆ ರೂಪಿಸಬೇಕು, ಹೇಗೆ ಅಳವಡಿಸಬೇಕು?

ಉತ್ತರ: ತೊಂದರೆಯ ಮೂಲ ನಿಮ್ಮ ಪ್ರಶ್ನೆಯಲ್ಲಿಯೇ ಕಾಣುತ್ತಿದೆ. ದೀಪಾವಳಿಯ ಹಣತೆ ಫೆಬ್ರವರಿಯವರೆಗೆ ಉಳಿದದ್ದಕ್ಕೆ ಆ ನೌಕರರ ಮರೆವೊಂದನ್ನೇ ದೂರಲಾಗದು. ಹೆಸರು, ಹುದ್ದೆ, ಫೋನ್ ನಂಬರು ಇರುವ ಅದೇ ಸಹಿಯೊಳಗೆ ಹಣತೆಯನ್ನೂ ಸೇರಿಸಿಬಿಟ್ಟಿದ್ದರಿಂದ ಅದನ್ನು ತೆಗೆಯಬೇಕಾದರೆ ಇಡೀ ಸಹಿಯನ್ನು ಬಿಚ್ಚಿ ಮತ್ತೆ ಕಟ್ಟಬೇಕಿತ್ತು, ಕೆಲಸದ ನಡುವೆ ಆ ತಾಪತ್ರಯಕ್ಕೆ ಯಾರೂ ಕೈಹಾಕುವುದಿಲ್ಲ. ಆದುದರಿಂದ ನನ್ನ ಮೊದಲ ಸಲಹೆ ಇದು: ವರ್ಷವಿಡೀ ಬದಲಾಗದ ಒಂದು ಸಹಿಯನ್ನು ಸಿದ್ಧಪಡಿಸಿ ಅದಕ್ಕೆ ಬೀಗ ಹಾಕಿದಂತೆ ಇಟ್ಟುಬಿಡಿ, ಹಬ್ಬಕ್ಕಾಗಿ ಅದರದೇ ನಕಲೊಂದನ್ನು ಬೇರೆ ಹೆಸರಿನಲ್ಲಿ ಮಾಡಿ, ಕೊನೆಗೆ ಒಂದೇ ಒಂದು ಸಾಲು ಸೇರಿಸಿ. ಹಬ್ಬ ಬಂದಾಗ ನಕಲನ್ನು ಆರಿಸುವುದು, ಮುಗಿದಾಗ ಮೂಲಕ್ಕೆ ಮರಳುವುದು, ಇಷ್ಟೇ ಕೆಲಸ. ಮುಂದೆ ಹೇಳುವುದೆಲ್ಲ ಈ ವಿಂಗಡಣೆಯನ್ನು ಆಧರಿಸಿದೆ.

ಒಂದು ಸ್ಪಷ್ಟನೆಯನ್ನು ಮೊದಲೇ ಕೊಡುವುದು ಒಳ್ಳೆಯದು, ಏಕೆಂದರೆ ಹಲವು ಕಚೇರಿಗಳಲ್ಲಿ ಈ ಗೊಂದಲವನ್ನು ಕಂಡಿದ್ದೇನೆ. ಮೇಲ್‌ನ ಕೆಳಗೆ ತಾನಾಗಿ ಬರುವ ಹೆಸರು, ವಿಳಾಸಗಳ ಗುಂಪಿಗೂ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಮಾನ್ಯ ಮಾಡಿರುವ ಡಿಜಿಟಲ್ ಸಹಿಗೂ ಯಾವ ಸಂಬಂಧವೂ ಇಲ್ಲ. ಜಿಎಸ್‌ಟಿ ಅಥವಾ ಕಂಪೆನಿ ದಾಖಲೆ ಸಲ್ಲಿಸುವಾಗ ಪೆನ್‌ಡ್ರೈವ್‌ನಂತಹ ಟೋಕನ್ ಚುಚ್ಚಿ ಹಾಕುವುದು ಡಿಜಿಟಲ್ ಸಹಿ. ಅದು ಸಹಿ ಹಾಕಿದವರು ಯಾರೆಂಬುದನ್ನು ದೃಢಪಡಿಸುತ್ತದೆ. ಇ-ಮೇಲ್ ಸಹಿಯನ್ನು ಯಾರು ಬೇಕಾದರೂ ನಕಲು ಮಾಡಬಹುದು. ಅದಕ್ಕಾಗಿಯೇ ಬ್ಯಾಂಕ್ ಖಾತೆಯ ವಿವರವನ್ನು ಸಹಿಯಲ್ಲಿ ಎಂದಿಗೂ ಇಡಬೇಡಿ. ಖಾತೆ ಸಂಖ್ಯೆಯನ್ನು ಸಹಿಯಲ್ಲಿ ನೋಡಿ ರೂಢಿಯಾದ ಗಿರಾಕಿಯನ್ನು, ಅದೇ ಸಹಿಯನ್ನು ಕದ್ದು ಸಂಖ್ಯೆಯೊಂದನ್ನು ಮಾತ್ರ ಬದಲಿಸಿದ ವಂಚಕನು ಸುಲಭವಾಗಿ ಮೋಸಗೊಳಿಸಬಲ್ಲನು.

ಇನ್ನು ಖಾಯಂ ಸಹಿಯ ವಿಚಾರ. ಮೇಲ್ ಓದುವವರು ಕೆಳಗಿನ ಸಹಿಯತ್ತ ಕಣ್ಣು ಹಾಯಿಸುವುದು ಎರಡೇ ಸಂದರ್ಭಗಳಲ್ಲಿ: ಬರೆದವರು ಯಾರು, ಯಾವ ಅಧಿಕಾರದಲ್ಲಿ ಬರೆದಿದ್ದಾರೆ ಎಂದು ತಿಳಿಯಬೇಕಾದಾಗ, ಅಥವಾ ತುರ್ತಾಗಿ ಫೋನ್ ಮಾಡಬೇಕಾದಾಗ. ದುಬೈನ ಖರೀದಿದಾರರಿಗೆ ಕಂಟೇನರಿನ ದಾಖಲೆಯಲ್ಲೊಂದು ತಪ್ಪು ಕಂಡಿದೆ ಎಂದಿಟ್ಟುಕೊಳ್ಳಿ. ಅವರು ನಿಮ್ಮ ಹಳೆಯ ಮೇಲ್ ಒಂದನ್ನು ಮೊಬೈಲಿನಲ್ಲಿ ತೆರೆದು, ಬೆರಳಿನಿಂದ ಕೆಳಕ್ಕೆ ಸರಿಸಿ, ನಂಬರಿನ ಮೇಲೆ ಒತ್ತುತ್ತಾರೆ. ಆ ನಂಬರು 0824ರಿಂದ ಆರಂಭವಾಗಿದ್ದರೆ ಕರೆ ಹೋಗುವುದೇ ಇಲ್ಲ. ಸೊನ್ನೆಯನ್ನು ಬಿಟ್ಟು +91 824 ಎಂದು ಆರಂಭಿಸಬೇಕು. ಉಡುಪಿ ಕಚೇರಿಯದಾದರೆ +91 820. ವರ್ಷಗಟ್ಟಲೆ ವಿದೇಶ ವ್ಯವಹಾರ ಮಾಡಿದ ಸಂಸ್ಥೆಗಳ ಸಹಿಗಳಲ್ಲಿಯೂ ಈ ಒಂದು ಲೋಪವನ್ನು ನಾನು ಮತ್ತೆ ಮತ್ತೆ ತಿದ್ದಿದ್ದೇನೆ.

ಮೊದಲ ಸಾಲಿನಲ್ಲಿ ಹೆಸರು, ಎರಡನೆಯದರಲ್ಲಿ ಹುದ್ದೆ ಮತ್ತು ವಿಭಾಗ, ಮೂರನೆಯದರಲ್ಲಿ ಕಂಪೆನಿಯ ಪೂರ್ಣ ಹೆಸರು, ನಾಲ್ಕನೆಯದರಲ್ಲಿ ಫೋನ್ ಮತ್ತು ಜಾಲತಾಣ, ಐದನೆಯದರಲ್ಲಿ ಊರು, ಪಿನ್ ಕೋಡ್ ಸಹಿತ ವಿಳಾಸ. ಇಂಟರ್ನೆಟ್ ಶಿಷ್ಟಾಚಾರದ ಬಗ್ಗೆ 1995ರಲ್ಲಿ ಪ್ರಕಟವಾದ ಮಾರ್ಗಸೂಚಿಯು ಸಹಿ ನಾಲ್ಕು ಸಾಲು ಮೀರದಿರಲಿ ಎಂದಿತ್ತು. ನಾಲ್ಕೇ ಸಾಲಿಗೆ ನಿಲ್ಲಿಸುವುದು ರಫ್ತು ಸಂಸ್ಥೆಗೆ ಕಷ್ಟ, ಆದರೆ ಆರನ್ನು ದಾಟಬೇಕಾದ ಕಾರಣವೂ ಇಲ್ಲ. ಕಚೇರಿಯ ವೇಳೆಯನ್ನು ಬರೆಯುವುದಾದರೆ ಅದು ಭಾರತೀಯ ಕಾಲಮಾನವೆಂದು ಸೂಚಿಸಿ. ಯುಎಇ ನಮಗಿಂತ ಒಂದೂವರೆ ಗಂಟೆ ಹಿಂದಿದೆ. 2022ರ ಜನವರಿಯಿಂದ ಅಲ್ಲಿನ ಸರಕಾರಿ ವಾರದ ರಜೆ ಶನಿವಾರ, ಭಾನುವಾರಗಳಿಗೆ ಬದಲಾಗಿದ್ದು ಶುಕ್ರವಾರ ಅರ್ಧ ದಿನ ಕೆಲಸವಿರುತ್ತದೆ. ನೀವು ಶನಿವಾರವೂ ಕಚೇರಿ ತೆರೆಯುವುದಾದರೆ ಅದನ್ನು ಸಹಿಯಲ್ಲಿ ತಿಳಿಸುವುದರಿಂದ ಅವರಿಗೆ ನಿಜಕ್ಕೂ ಉಪಯೋಗವಾಗುತ್ತದೆ.

ಊರಿನ ಹೆಸರಿನ ಕಾಗುಣಿತವೂ ಹನ್ನೊಂದು ಮಂದಿಯಲ್ಲಿ ಒಂದೇ ರೀತಿ ಇರಬೇಕು. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲಿಯೂ ಅಧಿಕೃತ ಹೆಸರು ‘ಮಂಗಳೂರು’ ಎಂದಾಗಿದ್ದರೂ ಹಳೆಯ ‘ಮ್ಯಾಂಗಲೋರ್’ ಹಲವು ಸಹಿಗಳಲ್ಲಿ ಉಳಿದುಕೊಂಡಿದೆ. ಪಣಂಬೂರಿನ ಬಂದರಿನ ಹೆಸರಿನಲ್ಲಿ ಮಾತ್ರ ಅದು ಈಗಲೂ ಇರುವುದರಿಂದ ಹಡಗು ಸಾಗಣೆ ದಾಖಲೆಗಳಲ್ಲಿ ಎರಡೂ ರೂಪಗಳು ಓಡಾಡುತ್ತವೆ. ನಿಮ್ಮ ಜಿಎಸ್‌ಟಿ ನೋಂದಣಿಯಲ್ಲಿ ವಿಳಾಸ ಹೇಗಿದೆಯೋ ಸಹಿಯಲ್ಲಿಯೂ ಹಾಗೆಯೇ ಇರಲಿ. ವಿದೇಶಿ ಬ್ಯಾಂಕಿನ ಗುಮಾಸ್ತರು ಎರಡನ್ನೂ ಹೋಲಿಸಿ ನೋಡುವ ಸಂದರ್ಭಗಳಿರುತ್ತವೆ.

ನಿಮ್ಮದು ಪ್ರೈವೇಟ್ ಲಿಮಿಟೆಡ್ ಆದುದರಿಂದ ಇನ್ನೊಂದು ಸಾಲು ಅಗತ್ಯ. 2013ರ ಕಂಪೆನಿ ಕಾಯ್ದೆಯ 12ನೇ ಕಲಮಿನ ಪ್ರಕಾರ ಕಂಪೆನಿಯ ಹೆಸರು, ನೋಂದಾಯಿತ ಕಚೇರಿಯ ವಿಳಾಸ, 21 ಅಕ್ಷರ-ಅಂಕಿಗಳ ಸಿಐಎನ್ (ಕಂಪೆನಿಯ ಗುರುತಿನ ಸಂಖ್ಯೆ), ಫೋನ್, ಇ-ಮೇಲ್ ಮತ್ತು ಜಾಲತಾಣವಿದ್ದರೆ ಅದರ ವಿಳಾಸ, ಇವು ವ್ಯವಹಾರದ ಪತ್ರಗಳಲ್ಲಿಯೂ ಬಿಲ್ಲುಗಳಲ್ಲಿಯೂ ಮುದ್ರಿತವಾಗಿರಬೇಕು. ತಪ್ಪಿದರೆ ದಿನಕ್ಕೆ 1,000 ರೂಪಾಯಿಯಂತೆ 1 ಲಕ್ಷದವರೆಗೆ ದಂಡವಿದೆ. ಇಂದು ನಿಮ್ಮ ದರಪಟ್ಟಿ, ಆರ್ಡರ್ ಒಪ್ಪಿಗೆ ಎಲ್ಲವೂ ಮೇಲ್‌ನಲ್ಲಿಯೇ ಹೋಗುತ್ತಿರುವುದರಿಂದ ಮೇಲನ್ನೂ ವ್ಯವಹಾರದ ಪತ್ರವೆಂದೇ ಪರಿಗಣಿಸಿ, ಈ ವಿವರಗಳನ್ನು ಕೊನೆಯ ಸಾಲಿನಲ್ಲಿ ಸಣ್ಣ ಅಕ್ಷರಗಳಲ್ಲಿ ಕೊಡುವುದು ಕ್ಷೇಮ. ಜಿಎಸ್‌ಟಿ ಸಂಖ್ಯೆಯ ಜಾಗ ಇನ್‌ವಾಯ್ಸ್. ಸಹಿಯಲ್ಲಿ ಅದು ಬೇಡ.

ತೆಗೆದುಹಾಕಬೇಕಾದವನ್ನು ಬೇಗನೆ ಹೇಳಿಬಿಡುತ್ತೇನೆ. ಸುಭಾಷಿತಗಳು, ಬಳಕೆಯಲ್ಲಿಲ್ಲದ ಫ್ಯಾಕ್ಸ್ ನಂಬರು, ಮುದ್ರಿಸುವ ಮುನ್ನ ಪರಿಸರವನ್ನು ನೆನೆಯಿರಿ ಎಂಬ ಹಸಿರು ಸಾಲು, ವೈಯಕ್ತಿಕ ಮೊಬೈಲ್ ನಂಬರು, ಆರೇಳು ಸಾಮಾಜಿಕ ಜಾಲತಾಣಗಳ ಚಿಹ್ನೆಗಳು. ಈ ಮೇಲ್ ಗೋಪ್ಯ, ತಪ್ಪಿ ಬಂದಿದ್ದರೆ ಅಳಿಸಿ ಎಂಬ ಉದ್ದನೆಯ ಕಾನೂನು ಪ್ಯಾರಾವನ್ನು ನಿಮ್ಮ ವಕೀಲರು ಬೇಕೆಂದರೆ ಮಾತ್ರ ಇಟ್ಟುಕೊಳ್ಳಿ. ಓದುವವರು ಅದನ್ನು ನೋಡುವುದು ಮೇಲ್ ಓದಿ ಮುಗಿಸಿದ ಮೇಲೆ.

ಚಿತ್ರಗಳ ವಿಚಾರದಲ್ಲಿ ಸ್ವಲ್ಪ ನಿಲ್ಲಬೇಕಾಗಿದೆ, ಏಕೆಂದರೆ ಸಹಿಗಳು ಕೆಡುವುದು ಬಹುಪಾಲು ಇಲ್ಲಿಯೇ. ವಿಸಿಟಿಂಗ್ ಕಾರ್ಡಿನ ವಿನ್ಯಾಸವನ್ನೇ ಒಂದು ಚಿತ್ರವಾಗಿಸಿ ಮೇಲ್‌ನ ಕೆಳಗೆ ಅಂಟಿಸುವ ಪದ್ಧತಿ ನಮ್ಮಲ್ಲಿ ವ್ಯಾಪಕವಾಗಿದೆ. ಕಳುಹಿಸುವವರ ಪರದೆಯಲ್ಲಿ ಅದು ಚೆನ್ನಾಗಿಯೇ ಕಾಣುತ್ತದೆ. ಪಡೆದವರ ಔಟ್‌ಲುಕ್ ಹೊರಗಿನ ಚಿತ್ರಗಳನ್ನು ತಡೆಹಿಡಿದಿದ್ದರೆ ಅಲ್ಲಿ ಬರಿಯ ಖಾಲಿ ಚೌಕವಿರುತ್ತದೆ, ನಿಮ್ಮ ಹೆಸರೂ ಇರುವುದಿಲ್ಲ. ಚಿತ್ರ ತೆರೆದುಕೊಂಡರೂ ಅದರಲ್ಲಿರುವ ನಂಬರನ್ನು ಒತ್ತಿ ಕರೆ ಮಾಡಲಾಗದು, ಹಳೆಯ ಮೇಲ್‌ಗಳಲ್ಲಿ ಹೆಸರಿನ ಮೂಲಕ ಹುಡುಕಿದರೆ ಸಿಗದು, ದೃಷ್ಟಿದೋಷವಿದ್ದು ಸ್ಕ್ರೀನ್ ರೀಡರ್ ಬಳಸುವವರಿಗೆ ಅದು ಕೇಳಿಸದು. ಆದುದರಿಂದ ಅಕ್ಷರಗಳೆಲ್ಲ ಅಕ್ಷರಗಳಾಗಿಯೇ ಇರಲಿ. ಚಿತ್ರವೆಂದರೆ ಲೋಗೊ ಒಂದೇ ಸಾಕು, ಅದಕ್ಕೂ ಪರ್ಯಾಯ ಪಠ್ಯವಾಗಿ, ಅಂದರೆ ಚಿತ್ರ ಕಾಣದಾಗ ಅದರ ಜಾಗದಲ್ಲಿ ತೋರುವ ಬರಹವಾಗಿ, ಕಂಪೆನಿಯ ಹೆಸರನ್ನು ಕೊಟ್ಟಿರಿ.

ಲೋಗೊವನ್ನು ಪಿಎನ್‌ಜಿ ರೂಪದಲ್ಲಿ ಇಟ್ಟುಕೊಳ್ಳಿ. ವಿನ್ಯಾಸಕಾರರು ಎಸ್‌ವಿಜಿ ಕಡತ ಕೊಟ್ಟರೆ ಅದನ್ನು ಜಿಮೇಲ್ ತೋರಿಸುವುದಿಲ್ಲ. ಪರದೆಯಲ್ಲಿ 100 ಪಿಕ್ಸೆಲ್ ಅಗಲ ಕಾಣಬೇಕಾದರೆ ಮೂಲ ಚಿತ್ರ 200 ಪಿಕ್ಸೆಲ್ ಇರಲಿ, ಆಗ ಹೊಸ ಮೊಬೈಲುಗಳಲ್ಲಿ ಮಸುಕಾಗದು. ತೂಕ 50 ಕೆಬಿ ದಾಟದಿರಲಿ. ಕಪ್ಪು ಅಕ್ಷರಗಳ, ಹಿನ್ನೆಲೆಯಿಲ್ಲದ ಲೋಗೊ ಡಾರ್ಕ್ ಮೋಡ್‌ನಲ್ಲಿ ಕತ್ತಲೆಯೊಳಗೆ ಕರಗಿಹೋಗುತ್ತದೆ. ಅಕ್ಷರಗಳ ಸುತ್ತ ತೆಳ್ಳನೆಯ ಬಿಳಿ ಅಂಚು ಹಾಕಿಸಿದರೆ ಬೆಳಕಿನ ಹಿನ್ನೆಲೆಯಲ್ಲಿ ಅದು ಕಾಣುವುದಿಲ್ಲ, ಕತ್ತಲೆಯಲ್ಲಿ ಲೋಗೊವನ್ನು ಉಳಿಸುತ್ತದೆ. ವಿಂಡೋಸ್‌ನ ಹಳೆಯ ಮಾದರಿಯ ಔಟ್‌ಲುಕ್ 2007ರಿಂದೀಚೆಗೆ ಮೇಲ್‌ಗಳನ್ನು ತೋರಿಸಲು ವರ್ಡ್ ತಂತ್ರಾಂಶದ ಯಂತ್ರವನ್ನೇ ಬಳಸುತ್ತದೆ. ಅದಕ್ಕೆ ದುಂಡಗಿನ ಮೂಲೆಗಳೂ ಹಿನ್ನೆಲೆ ಚಿತ್ರಗಳೂ ಅರ್ಥವಾಗುವುದಿಲ್ಲ, ಸರಳವಾದ ಟೇಬಲ್ ಮಾತ್ರ ನೆಟ್ಟಗೆ ಬರುತ್ತದೆ. ಲೋಗೊ ಎಡಗಡೆ, ಅಕ್ಷರಗಳು ಬಲಗಡೆ ಇರುವ ಎರಡು ಕೋಣೆಗಳ ಟೇಬಲ್ ಎಲ್ಲ ಕಡೆಯೂ ನಿಲ್ಲುತ್ತದೆ ಎಂಬುದು ನನ್ನ ಅನುಭವ.

ಕನ್ನಡದಲ್ಲಿ ಹೆಸರು ಇರಬೇಕೆಂಬ ನಿಮ್ಮ ಧಣಿಗಳ ಆಸೆಯನ್ನು ನಾನು ಮನಸಾರೆ ಬೆಂಬಲಿಸುತ್ತೇನೆ. ಇಂಗ್ಲಿಷ್ ಹೆಸರಿನ ಕೆಳಗೋ ಪಕ್ಕದಲ್ಲೋ ಕನ್ನಡದ ಹೆಸರು ಇದ್ದರೆ ಹ್ಯಾಂಬರ್ಗಿನ ಖರೀದಿದಾರರಿಗೆ ಅದರಿಂದ ಅಡ್ಡಿಯಾಗದು, ಊರಿನ ಗುರುತು ಅವರಿಗೂ ತಲುಪುತ್ತದೆ. ಆದರೆ ಅದು ಯೂನಿಕೋಡ್ ಕನ್ನಡವೇ, ಅಂದರೆ ಎಲ್ಲ ಸಾಧನಗಳೂ ಕನ್ನಡವೆಂದೇ ಗುರುತಿಸುವ ಸಂಕೇತಗಳ ಬರಹವೇ ಆಗಿರಬೇಕು. ಉಡುಪಿಯ ಕಚೇರಿಯೊಂದರವರು ಡಿಟಿಪಿ ಕೆಲಸಕ್ಕೆಂದು ಬಳಸುತ್ತಿದ್ದ ಹಳೆಯ ನುಡಿ ಫಾಂಟಿನಲ್ಲಿಯೇ ಸಹಿಯನ್ನು ಟೈಪ್ ಮಾಡಿ ತಿಂಗಳುಗಟ್ಟಲೆ ಕಳುಹಿಸಿದ್ದರು. ಅವರ ಕಂಪ್ಯೂಟರಿನಲ್ಲಿ ಅದು ಸುಂದರವಾದ ಕನ್ನಡ. ಪುಣೆಯಲ್ಲಿ ತೆರೆದವರಿಗೆ ಕಂಡದ್ದು ತಲೆಯ ಮೇಲೆ ಚುಕ್ಕೆ, ಗೆರೆಗಳಿರುವ ಲ್ಯಾಟಿನ್ ಅಕ್ಷರಗಳ ರಾಶಿ: ‘ನ’ ಇದ್ದಲ್ಲಿ ಪೌಂಡ್ ಚಿಹ್ನೆ, ‘ಪ’ ಇದ್ದಲ್ಲಿ ಜಪಾನಿನ ಯೆನ್ ಚಿಹ್ನೆ, ‘ಮಂಗಳೂರು’ ಪದದ ‘ಳ’ ಇದ್ದಲ್ಲಿ ಕಾಲುಭಾಗವನ್ನು ಸೂಚಿಸುವ ಭಿನ್ನರಾಶಿ. ಆ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ್ದವು; ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಒಳಗಿನ ಇಂಗ್ಲಿಷ್ ಅಕ್ಷರಗಳೇ ಹೊರಬೀಳುತ್ತವೆ. ನಿಮ್ಮ ಸಹಿ ಯಾವ ಬಗೆಯದೆಂದು ತಿಳಿಯಲು ಅದನ್ನು ನಕಲು ಮಾಡಿ ಮೊಬೈಲಿನ ವಾಟ್ಸ್ಆ್ಯಪ್‌ಗೆ ಅಂಟಿಸಿ ನೋಡಿ. ಅಲ್ಲಿಯೂ ಕನ್ನಡವಾಗಿಯೇ ಕಂಡರೆ ಅದು ಯೂನಿಕೋಡ್.

ಯೂನಿಕೋಡ್ ಆದರೆ ಫಾಂಟಿನ ಚಿಂತೆ ಹೆಚ್ಚಿಲ್ಲ. ವಿಂಡೋಸ್‌ನಲ್ಲಿ ತುಂಗಾ ಅಥವಾ ನಿರ್ಮಲಾ ಯುಐ, ಆಂಡ್ರಾಯ್ಡ್‌ನಲ್ಲಿ ನೋಟೊ ಸ್ಯಾನ್ಸ್ ಕನ್ನಡ ಹೀಗೆ ಇಂದಿನ ಬಹುತೇಕ ಸಾಧನಗಳಲ್ಲಿ ಒಂದಲ್ಲ ಒಂದು ಕನ್ನಡ ಫಾಂಟ್ ಇದ್ದೇ ಇರುತ್ತದೆ. ಗಮನಿಸಬೇಕಾದದ್ದು ಸಾಲುಗಳ ಅಂತರವನ್ನು. ಇಂಗ್ಲಿಷಿಗೆ ಹೊಂದಿಸಿದ ಬಿಗಿಯಾದ ಅಂತರದಲ್ಲಿ ಕನ್ನಡದ ಒತ್ತಕ್ಷರಗಳ ಬುಡ ಕತ್ತರಿಸಿಹೋಗುತ್ತದೆ. ‘ಲಕ್ಷ್ಮೀ’ ಎಂಬ ಹೆಸರನ್ನು ಔಟ್‌ಲುಕ್‌ನಲ್ಲಿ ಒಮ್ಮೆ ಬರೆದು ನೋಡಿದರೆ ತಿಳಿಯುತ್ತದೆ. ಅಕ್ಷರದ ಗಾತ್ರ 13 ಪಿಕ್ಸೆಲ್ ಇದ್ದರೆ ಸಾಲಿನ ಎತ್ತರ ಕನಿಷ್ಠ 20 ಇರಲಿ, ಕನ್ನಡದ ಅಕ್ಷರಗಳು ಇಂಗ್ಲಿಷಿಗಿಂತ ಒಂದು ಪಿಕ್ಸೆಲ್‌ನಷ್ಟು ದೊಡ್ಡದಿರಲಿ. ಬಿಸುವಿಗೆ ತುಳುವಿನಲ್ಲಿ ಶುಭಾಶಯ ಬರೆಯುವ ಮನಸ್ಸಿದ್ದರೆ ಕನ್ನಡ ಲಿಪಿಯಲ್ಲಿಯೇ ಬರೆಯಿರಿ. ತುಳು-ತಿಗಳಾರಿ ಲಿಪಿ 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡ್‌ಗೆ ಸೇರಿದೆ ಎಂಬುದು ನಮಗೆಲ್ಲ ಸಂತೋಷದ ವಿಷಯ, ಆದರೆ ಅದರ ಫಾಂಟ್ ಎಲ್ಲರ ಮೊಬೈಲುಗಳಿಗೆ ತಲುಪುವವರೆಗೆ ಪಡೆದವರಿಗೆ ಖಾಲಿ ಚೌಕಗಳಷ್ಟೇ ಕಾಣುವ ಸಂಭವ ಹೆಚ್ಚು.

ಈಗ ಹಬ್ಬದ ಸಾಲಿನ ವಿಚಾರಕ್ಕೆ ಬರುತ್ತೇನೆ. ಹಲವು ವರ್ಷಗಳ ಹಿಂದೆ ಒಂದು ಸಂಸ್ಥೆಗೆ ನಾನೇ ದೀಪಾವಳಿಯ ಸಹಿಯನ್ನು ಸಿದ್ಧಪಡಿಸಿ ಕೊಟ್ಟಿದ್ದೆ: ಸಾಲು ಹಣತೆಗಳು, ಬಂಗಾರ ಬಣ್ಣದ ಅಕ್ಷರಗಳು, ಪರದೆಯ ಪೂರ್ತಿ ಅಗಲ. ಎಲ್ಲ ಮೇಲ್‌ಗಳಿಗೂ ಅದು ತಾನಾಗಿ ಸೇರುವಂತೆ ಮಾಡಿದ್ದೂ ನಾನೇ. ಹಬ್ಬದ ಹಿಂದಿನ ದಿನ ಅವರ ಹಳೆಯ ಗಿರಾಕಿಯೊಬ್ಬರು ತಮ್ಮ ತಂದೆ ತೀರಿಕೊಂಡ ಸುದ್ದಿಯನ್ನು ಮೇಲ್‌ನಲ್ಲಿ ತಿಳಿಸಿದರು. ಕಚೇರಿಯ ಗುಮಾಸ್ತರು ಮೂರು ಸಾಲಿನ, ಬಹಳ ಗೌರವದ ಸಂತಾಪವನ್ನು ಬರೆದು ಕಳುಹಿಸಿದರು. ಅದರ ಕೆಳಗೆ ಹಣತೆಗಳು ಉರಿಯುತ್ತಿದ್ದವು, ಬೆಳಕಿನ ಹಬ್ಬದ ಹಾರ್ದಿಕ ಶುಭಾಶಯಗಳೂ ಇದ್ದವು. ಗುಮಾಸ್ತರ ತಪ್ಪು ಅದರಲ್ಲಿ ಏನೂ ಇರಲಿಲ್ಲ. ಉತ್ತರಗಳಿಗೆ ಬೇರೆ ಸಹಿ ಇರಬೇಕೆಂಬುದನ್ನು ಆಗ ನಾನು ಯೋಚಿಸಿರಲಿಲ್ಲ. ಅಂದಿನಿಂದ ಹಬ್ಬದ ಸಾಲನ್ನು ಹೊಸದಾಗಿ ಆರಂಭಿಸುವ ಮೇಲ್‌ಗಳಿಗೆ ಮಾತ್ರ ಇಡುತ್ತೇನೆ. ಉತ್ತರಿಸುವಾಗ ಮತ್ತು ಮುಂದಕ್ಕೆ ಕಳುಹಿಸುವಾಗ ಹೆಸರು, ಹುದ್ದೆ, ಫೋನ್ ಇರುವ ಮೂರು ಸಾಲಿನ ಕಿರುಸಹಿ ಬರಬೇಕು. ಇದರಿಂದ ಇನ್ನೊಂದು ಲಾಭವೂ ಇದೆ: ಹತ್ತು ಬಾರಿ ಹೋಗಿಬಂದ ಮೇಲ್‌ನ ಸರಣಿಯಲ್ಲಿ ಹತ್ತು ಲೋಗೊಗಳು ತುಂಬಿಕೊಳ್ಳುವುದಿಲ್ಲ. ಜಿಮೇಲ್ 102 ಕೆಬಿಗಿಂತ ದೊಡ್ಡದಾದ ಸಂದೇಶದ ಉಳಿದ ಭಾಗವನ್ನು ಮಡಚಿಟ್ಟುಬಿಡುತ್ತದೆ ಎಂಬುದನ್ನೂ ನೆನಪಿಡಿ.

ಶುಭಾಶಯದ ಜತೆಗೆ ಗಿರಾಕಿಗೆ ಬೇಕಾದ ಒಂದು ವಿಷಯವೂ ಇದ್ದರೆ ಹಬ್ಬದ ಸಾಲು ತನ್ನ ಜಾಗಕ್ಕೆ ಅರ್ಹವಾಗುತ್ತದೆ. ‘ಕ್ರಿಸ್ಮಸ್ ಶುಭಾಶಯಗಳು. ಡಿಸೆಂಬರ್ 25ರಂದು ಕಚೇರಿಗೆ ರಜೆ; 26ರ ಬೆಳಿಗ್ಗೆ 9.30ರಿಂದ ಉತ್ತರಿಸುತ್ತೇವೆ’ ಎಂಬ ಸಾಲು ಬಣ್ಣದ ಬ್ಯಾನರಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಬ್ಯಾನರ್ ಬೇಕೇ ಬೇಕೆಂದು ಧಣಿಗಳು ಹೇಳಿದರೆ 40 ಪಿಕ್ಸೆಲ್ ಎತ್ತರದ ಸಣ್ಣ ಚಿತ್ರವೊಂದನ್ನು ಸಾಲಿನ ಆರಂಭದಲ್ಲಿಡಿ, ಅಕ್ಷರಗಳನ್ನು ಚಿತ್ರದೊಳಗೆ ಬರೆಸಬೇಡಿ. 600 ಪಿಕ್ಸೆಲ್ ಅಗಲದ ಬ್ಯಾನರ್ ಮೊಬೈಲಿನಲ್ಲಿ ಕುಗ್ಗಿ, ಅದರೊಳಗಿನ ಅಕ್ಷರಗಳನ್ನು ಓದಲಾಗದಷ್ಟು ಸಣ್ಣದಾಗಿಸುತ್ತದೆ.

ದಿನಾಂಕಗಳಲ್ಲಿ ನಮ್ಮ ಕರಾವಳಿಗೆ ವಿಶೇಷ ಎಚ್ಚರ ಬೇಕು. ಘಟ್ಟದ ಮೇಲಿನವರು ಚಾಂದ್ರಮಾನ ಯುಗಾದಿಯನ್ನು ಆಚರಿಸುವಾಗ ನಮ್ಮಲ್ಲಿ ಬಹಳ ಮಂದಿಗೆ ಹೊಸ ವರ್ಷವೆಂದರೆ ಏಪ್ರಿಲ್ 14 ಅಥವಾ 15ಕ್ಕೆ ಬರುವ ಬಿಸು. ಉಡುಪಿ ಕೃಷ್ಣಮಠದ ಅಷ್ಟಮಿಯೂ ಸೌರ ಪಂಚಾಂಗವನ್ನು ಅನುಸರಿಸುವುದರಿಂದ ಕೆಲವು ವರ್ಷ ಉಳಿದೆಡೆಗಿಂತ ತಿಂಗಳ ನಂತರ ಬರುತ್ತದೆ. ಕ್ಯಾಲೆಂಡರಿನಲ್ಲಿ ಮುದ್ರಿತವಾದ ಜನ್ಮಾಷ್ಟಮಿಯ ದಿನ ನೋಡಿ ಉಡುಪಿ ಕಚೇರಿಯ ರಜೆಯನ್ನು ಸಹಿಯಲ್ಲಿ ಬರೆದರೆ ತಪ್ಪಾದೀತು. ಈದ್ ಚಂದ್ರದರ್ಶನವನ್ನು ಅವಲಂಬಿಸಿದ್ದು, ಕೊಲ್ಲಿಯಲ್ಲಿ ನಮಗಿಂತ ಒಂದು ದಿನ ಮೊದಲೇ ಬರುವುದುಂಟು, ಆದುದರಿಂದ ಆ ಸಾಲಿನಲ್ಲಿ ಶುಭಾಶಯವಿರಲಿ, ರಜೆಯ ದಿನಾಂಕವನ್ನು ನಿಶ್ಚಯವಾದ ಮೇಲೆ ಸೇರಿಸಿ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ (ಮೇರಿ ಮಾತೆಯ ಜನ್ಮದಿನದ ಹಬ್ಬ), ಡಿಸೆಂಬರ್ 25ರ ಕ್ರಿಸ್ಮಸ್ ಬದಲಾಗುವುದಿಲ್ಲ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ನಡೆಯುವ ಪರ್ಯಾಯದ ಮೆರವಣಿಗೆಗೆ 17ರ ರಾತ್ರಿಯಿಂದಲೇ ಉಡುಪಿಯ ರಸ್ತೆಗಳು ತುಂಬಿಹೋಗುವುದರಿಂದ, ಅಲ್ಲಿನ ಕಚೇರಿಯಿಂದ ಮಾದರಿ ಪೊಟ್ಟಣಗಳು ಯಾವ ದಿನ ಹೊರಡುತ್ತವೆ ಎಂಬ ಒಂದು ಸಾಲು ವಾರದ ಮೊದಲೇ ಸಹಿಯಲ್ಲಿರಲಿ. ಧಣಿಗಳು ಹೇಳಿದ ಪಟ್ಟಿಯಲ್ಲಿ ಮೊಂತಿ ಫೆಸ್ತ್ ಇರಲಿಲ್ಲ. ನಿಮ್ಮ ಸಿಬ್ಬಂದಿಯಲ್ಲಿಯೋ ಗಿರಾಕಿಗಳಲ್ಲಿಯೋ ಕೊಂಕಣಿ ಕ್ರೈಸ್ತರಿದ್ದರೆ ಅದನ್ನೂ ಸೇರಿಸಲು ನಾನು ವಿನಂತಿಸುತ್ತೇನೆ.

ಋತುವೆಂದರೆ ಹಬ್ಬಗಳು ಮಾತ್ರವಲ್ಲ. ಮಲ್ಪೆಯಲ್ಲಿ, ಮಂಗಳೂರಿನ ಧಕ್ಕೆಯಲ್ಲಿ ಮೀನು ವ್ಯವಹಾರ ಮಾಡುವ ಸಂಸ್ಥೆಗಳಿಗೆ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರೀಕೃತ ಮೀನುಗಾರಿಕೆ ನಿಷೇಧವೇ ವರ್ಷದ ಅತಿ ಮುಖ್ಯವಾದ ಋತು. ಹೊಸ ಸರಕು ಆಗಸ್ಟಿನಲ್ಲಿ ಎಂಬ ಒಂದು ಸಾಲು ಅವರ ಸಹಿಯಲ್ಲಿದ್ದರೆ ಹತ್ತಾರು ವಿಚಾರಣೆಗಳಿಗೆ ಮುಂಚಿತವಾಗಿಯೇ ಉತ್ತರ ಸಿಕ್ಕಿದಂತಾಗುತ್ತದೆ. ನಿಮ್ಮ ವ್ಯಾಪಾರದಲ್ಲಿ ಅಂತಹ ಕಾಲ ಫೆಬ್ರವರಿಯಿಂದ ಮೇ. ಗೇರು ತೋಟಗಳ ಹೊಸ ಬೀಜ ಬಂದು, ಬಿಸಿಲಿಗೆ ಒಣಗಿ, ಸಂಸ್ಕರಣೆಗೆ ಹೋಗುವ ಆ ದಿನಗಳಲ್ಲಿ ‘ಈ ಹಂಗಾಮಿನ ಹೊಸ ತಿರುಳಿಗೆ ಆರ್ಡರ್ ಸ್ವೀಕರಿಸುತ್ತಿದ್ದೇವೆ’ ಎಂದು ಬರೆದರೆ ಅದು ಯಾವ ಹಬ್ಬದ ಚಿತ್ರಕ್ಕಿಂತಲೂ ನಿಮ್ಮ ಗಿರಾಕಿಗೆ ಹತ್ತಿರದ ಮಾತು.

ಅಳವಡಿಸುವ ಕ್ರಮ ಕಷ್ಟದ್ದಲ್ಲ. ಜಿಮೇಲ್ ಆದರೆ ಕಂಪ್ಯೂಟರಿನಲ್ಲಿ ಬಲಮೇಲ್ಗಡೆಯ ಚಕ್ರದ ಚಿಹ್ನೆಯನ್ನು ಒತ್ತಿ, ‘ಸೀ ಆಲ್ ಸೆಟ್ಟಿಂಗ್ಸ್’ಗೆ ಹೋಗಿ, ‘ಜನರಲ್’ ಪುಟದಲ್ಲಿ ಕೆಳಗಿಳಿದರೆ ‘ಸಿಗ್ನೇಚರ್’ ಸಿಗುತ್ತದೆ. ಅಲ್ಲಿ ‘ಕ್ರಿಯೇಟ್ ನ್ಯೂ’ ಒತ್ತಿ ಮೂರು ಸಹಿಗಳನ್ನು ಮಾಡಿ, ಖಾಯಂ, ಕಿರು, ಹಬ್ಬ ಎಂದು ಹೆಸರಿಡಿ. ಅದರ ಕೆಳಗೇ ಹೊಸ ಮೇಲ್‌ಗೆ ಯಾವುದು, ಉತ್ತರಕ್ಕೆ ಯಾವುದು ಎಂದು ಆರಿಸುವ ಎರಡು ಪಟ್ಟಿಗಳಿವೆ. ಪುಟದ ತುದಿಯವರೆಗೆ ಇಳಿದು ‘ಸೇವ್ ಚೇಂಜಸ್’ ಒತ್ತದಿದ್ದರೆ ಮಾಡಿದ್ದೆಲ್ಲ ವ್ಯರ್ಥ. ಸಹಿ ಬರುತ್ತಿಲ್ಲವೆಂದು ನನಗೆ ಕರೆ ಮಾಡುವವರಲ್ಲಿ ಹೆಚ್ಚಿನವರು ಇದನ್ನೇ ಮರೆತಿರುತ್ತಾರೆ. ಸಹಿಯನ್ನು ವರ್ಡ್‌ನಿಂದ ನಕಲು ಮಾಡಿ ಅಂಟಿಸಬೇಡಿ. ಕಣ್ಣಿಗೆ ಕಾಣದ ಅದರ ವಿನ್ಯಾಸದ ಸಂಕೇತಗಳೂ ಲೆಕ್ಕಕ್ಕೆ ಬಂದು, ಜಿಮೇಲ್ ಅನುಮತಿಸುವ 10,000 ಅಕ್ಷರಗಳ ಮಿತಿಯನ್ನು ದಾಟಿಬಿಡುವುದುಂಟು. ಲೋಗೊವನ್ನು ಗೂಗಲ್ ಡ್ರೈವ್‌ನಿಂದ ಸೇರಿಸುವುದಾದರೆ ಆ ಕಡತ ಎಲ್ಲರಿಗೂ ತೆರೆದಿರಬೇಕು, ಇಲ್ಲವಾದರೆ ನಿಮಗೊಬ್ಬರಿಗೇ ಕಾಣುತ್ತದೆ. ಮೊಬೈಲ್ ಆ್ಯಪ್‌ನ ಸಹಿ ಬೇರೆಯೇ: ಸೆಟ್ಟಿಂಗ್ಸ್‌ನಲ್ಲಿ ಖಾತೆಯನ್ನು ಒತ್ತಿ ‘ಮೊಬೈಲ್ ಸಿಗ್ನೇಚರ್’ನಲ್ಲಿ ಬರೆಯಬೇಕು, ಅಲ್ಲಿ ಅಕ್ಷರಗಳು ಮಾತ್ರ, ಚಿತ್ರಕ್ಕೆ ಅವಕಾಶವಿಲ್ಲ. ನಿಮ್ಮ ಕಿರುಸಹಿಯನ್ನೇ ಅಲ್ಲಿ ಇಟ್ಟುಬಿಡಿ.

ಔಟ್‌ಲುಕ್‌ನ ಹಳೆಯ ಮಾದರಿಯಲ್ಲಿ ‘ಫೈಲ್’, ‘ಆಪ್ಷನ್ಸ್’, ‘ಮೇಲ್’, ‘ಸಿಗ್ನೇಚರ್ಸ್’ ಎಂದು ಸಾಗಬೇಕು. ಹೊಸ ಮಾದರಿಯಲ್ಲಿ ‘ಸೆಟ್ಟಿಂಗ್ಸ್’ನ ‘ಅಕೌಂಟ್ಸ್’ ವಿಭಾಗದಲ್ಲಿ ಅದು ಇದೆ. ಎರಡರಲ್ಲಿಯೂ ಹೊಸ ಮೇಲ್‌ಗೆ ಒಂದು, ಉತ್ತರಕ್ಕೆ ಇನ್ನೊಂದು ಸಹಿಯನ್ನು ನಿಗದಿಪಡಿಸಬಹುದು. ಕಚೇರಿಯ ಎಲ್ಲರಿಗೂ ಒಂದೇ ಕಡೆಯಿಂದ ಹಾಕುವ ವ್ಯವಸ್ಥೆ ಇಲ್ಲವೇ ಎಂದು ನೀವು ಕೇಳಬಹುದು. ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಅಡ್ಮಿನ್‌ಗೆ, ಎಲ್ಲರ ಮೇಲ್‌ಗಳ ತಳಕ್ಕೂ ಒಂದೇ ಬರಹವನ್ನು ಸೇರಿಸುವ ‘ಅಪೆಂಡ್ ಫೂಟರ್’ ಇದೆ. ಮೈಕ್ರೋಸಾಫ್ಟ್ 365ರಲ್ಲಿ ಅದೇ ಕೆಲಸಕ್ಕೆ ಮೇಲ್ ಫ್ಲೋ ರೂಲ್ ಇದ್ದು, ಅದು ಯಾವ ದಿನ ಆರಂಭವಾಗಿ ಯಾವ ದಿನ ನಿಲ್ಲಬೇಕೆಂದು ಮೊದಲೇ ಗೊತ್ತುಮಾಡಲು ಬರುತ್ತದೆ. ಆದರೆ ಹೀಗೆ ಸೇರಿಸಿದ ಸಾಲು ನಿಮ್ಮ ಮಾತಿನ ಕೆಳಗೆ ಬಾರದೆ ಇಡೀ ಸರಣಿಯ ತಳಕ್ಕೆ ಹೋಗಿ ಕೂರುತ್ತದೆ, ಸಂತಾಪದ ಉತ್ತರಕ್ಕೂ ಅಂಟಿಕೊಳ್ಳುತ್ತದೆ. ಕಂಪೆನಿಯ ನೋಂದಣಿ ವಿವರಕ್ಕೆ ಅದನ್ನು ಬಳಸಬಹುದು. ಹನ್ನೊಂದು ಮಂದಿಯ ಕಚೇರಿಯಲ್ಲಿ ಹಬ್ಬದ ಸಾಲಿಗೆ ಅದು ಬೇಡ.

ಹಬ್ಬದ ಚಿತ್ರವನ್ನು ನಿಮ್ಮ ಜಾಲತಾಣದಲ್ಲಿಟ್ಟು ಅದರ ಲಿಂಕನ್ನು ಸಹಿಯಲ್ಲಿ ಕೊಡಿ, ಕಡತವನ್ನು ಬದಲಿಸಿದರೆ ಎಲ್ಲರ ಸಹಿಯೂ ಬದಲಾಗುತ್ತದೆ ಎಂಬ ಸಲಹೆಯನ್ನು ಯಾರಾದರೂ ಕೊಡಬಹುದು. ಅದು ನಿಜವೇ, ಆದರೆ ಹಿಂದೆಯೇ ತಲುಪಿದ ಮೇಲ್‌ಗಳಲ್ಲಿಯೂ ಚಿತ್ರ ಬದಲಾಗಬಹುದು, ಕಡತವನ್ನು ಅಳಿಸಿದರೆ ಅವುಗಳಲ್ಲೆಲ್ಲ ಮುರಿದ ಚೌಕ ಉಳಿಯುತ್ತದೆ. ಹಳೆಯ ಪತ್ರವ್ಯವಹಾರವು ದಾಖಲೆಯಾಗಿ ಬೇಕಾಗುವ ರಫ್ತು ಸಂಸ್ಥೆಗೆ ಇದು ತಕ್ಕುದಲ್ಲ. ಇನ್ನು ಕಚೇರಿ ಪೂರ್ಣ ಮುಚ್ಚಿರುವ ದಿನಗಳಿಗೆ ಸಹಿ ಸಾಲದು, ಏಕೆಂದರೆ ಅಂದು ನೀವು ಮೇಲ್ ಕಳುಹಿಸುವುದೇ ಇಲ್ಲ. ಅದಕ್ಕೆ, ಬಂದ ಮೇಲ್‌ಗಳಿಗೆ ತಾನಾಗಿ ಉತ್ತರ ಕಳುಹಿಸುವ ಜಿಮೇಲ್‌ನ ‘ವೆಕೇಶನ್ ರೆಸ್ಪಾಂಡರ್’ ಬಳಸಿ. ಆರಂಭದ, ಕೊನೆಯ ದಿನಾಂಕಗಳನ್ನು ಕೊಟ್ಟರೆ ಅದು ತಾನಾಗಿ ನಿಲ್ಲುತ್ತದೆ, ಒಬ್ಬರೇ ಮತ್ತೆ ಮತ್ತೆ ಬರೆದರೂ ನಾಲ್ಕು ದಿನಕ್ಕೊಮ್ಮೆ ಮಾತ್ರ ಉತ್ತರಿಸುತ್ತದೆ.

ಕೊನೆಯದಾಗಿ, ಮೊದಲು ನಿಮ್ಮದೊಂದು ಸಹಿಯನ್ನು ಸಿದ್ಧಪಡಿಸಿ ಜಿಮೇಲ್‌ಗೆ, ಔಟ್‌ಲುಕ್‌ಗೆ, ಆಂಡ್ರಾಯ್ಡ್ ಮೊಬೈಲಿಗೆ, ಐಫೋನಿಗೆ ಕಳುಹಿಸಿ ನೋಡಿ. ಡಾರ್ಕ್ ಮೋಡ್ ಹಾಕಿ ಒಮ್ಮೆ, ಚಿತ್ರಗಳನ್ನು ತಡೆಹಿಡಿದು ಒಮ್ಮೆ ನೋಡಿ. ಅಲ್ಲಿ ಸರಿಯಾದ ಮೇಲೆ ಉಳಿದ ಹತ್ತು ಮಂದಿಗೆ ಅದನ್ನೇ ಮೇಲ್‌ನಲ್ಲಿ ಕಳುಹಿಸಿದರೆ ಅವರು ನಕಲು ಮಾಡಿಕೊಂಡು ಹೆಸರು, ಹುದ್ದೆ, ನಂಬರುಗಳನ್ನು ಬದಲಿಸಿಕೊಳ್ಳಬಹುದು. ಹಬ್ಬದ ಸಾಲು ಹಾಕುವ ದಿನ ಹಬ್ಬಕ್ಕೆ ಮೂರು ದಿನ ಮೊದಲು, ತೆಗೆಯುವ ದಿನ ಹಬ್ಬದ ಮರುದಿನ ಬೆಳಿಗ್ಗೆ; ಎರಡನ್ನೂ ಕಚೇರಿಯ ಗೂಗಲ್ ಕ್ಯಾಲೆಂಡರಿನಲ್ಲಿ ಎಲ್ಲರಿಗೂ ನೆನಪೋಲೆ ಬರುವಂತೆ ಈಗಲೇ ಬರೆದಿಡಿ. ತೆಗೆಯುವ ದಿನ ಹನ್ನೊಂದು ಮಂದಿಯೂ ನಿಮಗೊಂದು ಹೊಸ ಮೇಲ್ ಕಳುಹಿಸಲಿ, ಹಳೆಯದಕ್ಕೆ ಉತ್ತರವಾಗಿ ಬೇಡ. ಯಾರ ಸಹಿಯಲ್ಲಿ ಹಬ್ಬದ ಸಾಲು ಇನ್ನೂ ಉಳಿದಿದೆ ಎಂಬುದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ.